ಅರ್ಬುದದ ಲೆಕ್ಕ

ಮೂವತ್ತೊಂದು ವರ್ಷಗಳ ಕಾಲ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಗುಣಿಸಿದರೆ ಹೆಚ್ಚುತ್ತದೆ, ಭಾಗಿಸಿದರೆ ಕುಗ್ಗುತ್ತದೆ ಎಂದು ಎಷ್ಟು ಮಕ್ಕಳ ತಲೆಗೆ ತುಂಬಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. (ಭಿನ್ನರಾಶಿಯ ಮಾತು ಬೇರೆ, ಅದನ್ನು ಎತ್ತಿ ಕೇಳುವಷ್ಟು ಚುರುಕಾದ ಹುಡುಗಿ ವರ್ಷಕ್ಕೊಬ್ಬಳು ಸಿಕ್ಕುತ್ತಿದ್ದಳು.) ಭಾಗವಾದಷ್ಟೂ ಹೆಚ್ಚುತ್ತ ಹೋಗುವ ವಸ್ತುವೊಂದು ನಮ್ಮೆಲ್ಲರ ಮೈಯೊಳಗೇ ಇದೆಯೆಂಬುದು ನನಗೆ ಮನವರಿಕೆಯಾದುದು 2011ರಲ್ಲಿ, ನಿವೃತ್ತಳಾಗಿ ಮನೆಯಲ್ಲಿ ಕುಳಿತ ಮೇಲೆ.

ಆ ವರ್ಷದ ಯುಗಾದಿಗೆ ಅಕ್ಕ ಮತ್ತು ಭಾವ ತುಮಕೂರಿನಿಂದ ಬೆಂಗಳೂರಿಗೆ, ನಮ್ಮ ಮನೆಗೆ ಬಂದಿದ್ದರು. ಹಬ್ಬದ ಬೆಳಿಗ್ಗೆ ಅಕ್ಕನಿಗೆ ನಾನೇ ಎಣ್ಣೆ ಒತ್ತುತ್ತಿದ್ದೆ. ನೆತ್ತಿಗೆ ತಟ್ಟಿ, ಕತ್ತಿಗೆ ಸವರುವಾಗ ಎಡಕಿವಿಯ ಕೆಳಗೆ ಅಡಕೆಯಷ್ಟು ಗಾತ್ರದ ಗಂಟೊಂದು ನನ್ನ ಬೆರಳಿಗೆ ತಗುಲಿತು.

“ನೋವಿದೆಯೇನೆ ಅಕ್ಕ?” ಎಂದೆ.

“ಇಲ್ಲವಲ್ಲೆ. ಏನದು?” ಎಂದಳು.

ನೋವಿಲ್ಲವೆಂಬುದೇ ನಮಗೆ ಸಮಾಧಾನ ತಂದಿತು. ನೋಯುವ ಗಂಟಿಗಿಂತ ನೋಯದ ಗಂಟಿಗೇ ಹೆಚ್ಚು ಗಮನ ಕೊಡಬೇಕೆಂಬ ತಿಳಿವಳಿಕೆ ಆಗ ನಮಗಿರಲಿಲ್ಲ. ಯಾವುದೋ ಸೋಂಕಿರಬೇಕೆಂದು ಮೂರು ವಾರ ಮಾತ್ರೆ ನುಂಗಿದ್ದಾಯಿತು. ಅಡಕೆ ನೆಲ್ಲಿಕಾಯಿಯಾಯಿತು, ಕಂಕುಳಲ್ಲಿ ಅದಕ್ಕೊಂದು ಜೊತೆ ಹುಟ್ಟಿತು. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಮೈಯೆಲ್ಲ ಬೆವರು. ಕೊನೆಗೆ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಹತ್ತು ದಿನಗಳ ಮೇಲೆ ಬಂದ ಕಾಗದದಲ್ಲಿ ಲಿಂಫೋಮಾ ಎಂದಿತ್ತು. ಮೈಯನ್ನು ರೋಗಗಳಿಂದ ಕಾಯುವ ಬಿಳಿಯ ರಕ್ತಕಣಗಳಲ್ಲಿ, ಅವು ತಂಗುವ ದುಗ್ಧರಸ ಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು.

ಭಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, “ಹೆಸರು ಮಾತ್ರ ಅವಳ ಕಿವಿಗೆ ಬೀಳಬಾರದಮ್ಮ. ಗಂಟಿನ ಕಾಯಿಲೆ ಎಂದಷ್ಟೇ ಹೇಳೋಣ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿದೆ. ಒಂದು ವಾರ ನಾವೆಲ್ಲರೂ ಈ ನಾಟಕವನ್ನು ಬಹಳ ಚೆನ್ನಾಗಿ ಆಡಿದೆವೆಂದೇ ತಿಳಿದಿದ್ದೆವು. ಚಿಕಿತ್ಸೆಯ ಮೊದಲ ದಿನ ಆಸ್ಪತ್ರೆಯ ಬಾಗಿಲಲ್ಲಿ ಆಟೋದಿಂದಿಳಿದ ಅಕ್ಕ ಮೇಲೆ ನೋಡಿ, “ಇಷ್ಟು ದೊಡ್ಡ ಅಕ್ಷರದಲ್ಲಿ ಬೋರ್ಡು ಬರೆಸಿದ್ದಾರೆ. ನನಗೇನು ಓದಲು ಬರುವುದಿಲ್ಲವೆಂದುಕೊಂಡಿದ್ದೀರಾ?” ಎಂದಳು. ಭಾವ ಆಟೋದವನಿಗೆ ಚಿಲ್ಲರೆ ಕೊಡುವುದನ್ನೇ ಮರೆತು ನಿಂತುಬಿಟ್ಟರು.

ಅಂದಿನಿಂದ ಅಕ್ಕ ಹೆಸರು ಹಿಡಿದೇ ಮಾತನಾಡಿದಳು. ಆದರೆ ಅವಳನ್ನು ಕಾಡುತ್ತಿದ್ದುದು ಬೇರೆಯೇ ಪ್ರಶ್ನೆ. “ನಾನೇನು ತಪ್ಪು ಮಾಡಿದೆ ಅಂತ ಬಂತು ಇದು?”

ನೋಡಲು ಬಂದ ನೆಂಟರಿಷ್ಟರು ಒಬ್ಬೊಬ್ಬರೂ ಒಂದೊಂದು ಉತ್ತರ ಕೊಟ್ಟು ಹೋಗುತ್ತಿದ್ದರು. ಹಿಂದಿನ ಜನ್ಮದ ಕರ್ಮವೆಂದು ಒಬ್ಬರು, ಅಲ್ಯೂಮಿನಿಯಮ್ ಪಾತ್ರೆಯೆಂದು ಇನ್ನೊಬ್ಬರು. ಮಗ ಬೇರೆ ಮನೆ ಮಾಡಿದ ಕೊರಗೇ ಗಂಟುಕಟ್ಟಿತೆಂದು ನಮ್ಮ ಸೋದರತ್ತೆಯ ಮಗಳು ಸೊಸೆಯೆದುರಿಗೇ ಹೇಳಿದಳು. ಪಾಪ, ಆ ಹುಡುಗಿ ಅಡಿಗೆಮನೆಗೆ ಹೋಗಿ ಅತ್ತಳು. ರೋಗಕ್ಕಿಂತ ಮೊದಲು ರೋಗಿಯನ್ನು ಹಿಂಡುವುದು ಇಂಥ ಉತ್ತರಗಳೇ ಎಂದು ನನಗೆ ಆಗ ತೋರಿತು. ಅಕ್ಕನ ಪ್ರಶ್ನೆಗೆ ನಿಜವಾದ ಉತ್ತರವನ್ನು ಹುಡುಕಲೇಬೇಕೆಂದು ಹೊರಟವಳು ನಾನು. ನಮ್ಮ ವೈದ್ಯರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ನಾನು ಶಿಕ್ಷಕಿಯೆಂದು ತಿಳಿದ ಮೇಲೆ ಬಿಡುವಾದಾಗಲೆಲ್ಲ ವರದಿಯ ಬೆನ್ನಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರು.

ನಮ್ಮ ಮೈ ಜೀವಕೋಶಗಳಿಂದಾದುದು. ಕೋಶವು ತನ್ನನ್ನು ತಾನೇ ಎರಡಾಗಿ ಭಾಗಿಸಿಕೊಳ್ಳುತ್ತದೆ. ಭಾಗಾಕಾರವೇ ಅಲ್ಲಿ ಗುಣಾಕಾರ. ಪ್ರತಿಸಲ ಎರಡಾಗುವ ಮುನ್ನವೂ ತನ್ನೊಳಗಿನ ಡಿಎನ್‌ಎ ಎಂಬ ಆಜ್ಞಾಪತ್ರದ ಸುಮಾರು 300 ಕೋಟಿ ಅಕ್ಷರಗಳ ಜೋಡಿ ಪ್ರತಿಗಳೆರಡನ್ನೂ ಅದು ಹೊಸದಾಗಿ ನಕಲು ಮಾಡಬೇಕು. ಎಷ್ಟೇ ಜಾಣ ಗುಮಾಸ್ತನಾದರೂ ಅಷ್ಟು ಬರೆಯುವಾಗ ಕೈತಪ್ಪು ಆಗದಿರದು. ತಪ್ಪು ತಿದ್ದುವ ವ್ಯವಸ್ಥೆಯೂ ಒಳಗೇ ಉಂಟು; ಆದರೂ ಒಂದೆರಡು ಉಳಿದುಹೋಗುತ್ತವೆ. ಬಹುಪಾಲು ತಪ್ಪುಗಳಿಂದ ಕೇಡಿಲ್ಲ. ‘ಬೆಳೆ’ ಎಂದು ಆಜ್ಞೆ ಕೊಡುವ ಜೀನು ಮತ್ತು ‘ನಿಲ್ಲು’ ಎಂದು ತಡೆಯುವ ಜೀನು, ಇವುಗಳಲ್ಲಿ ತಪ್ಪುಗಳು ಒಂದರಮೇಲೊಂದು ಕೂಡಿಕೊಂಡಾಗ ಕೋಶ ಯಾರ ಮಾತನ್ನೂ ಕೇಳದೆ ಇಬ್ಭಾಗವಾಗುತ್ತ ಹೋಗುತ್ತದೆ. ತಡೆಯುವ ಜೀನಿನ ಪ್ರತಿಗಳು ಎರಡಿರುತ್ತವೆಂದೂ, ಎರಡೂ ಕೆಟ್ಟಾಗಲೇ ಕೆಲವು ಕ್ಯಾನ್ಸರುಗಳು ಹುಟ್ಟುತ್ತವೆಂದೂ ಅಮೆರಿಕದ ವೈದ್ಯ ಆಲ್‌ಫ್ರೆಡ್ ನುಡ್‌ಸನ್ 1971ರಲ್ಲಿ, ಎಳೆಯ ಮಕ್ಕಳ ಕಣ್ಣಿನ ಗಡ್ಡೆಗಳ ಲೆಕ್ಕ ಹಾಕಿಯೇ ಊಹಿಸಿದನಂತೆ. ಲೆಕ್ಕದಿಂದಲೇ ಎಂಬ ಮಾತು ಕೇಳಿ ನನಗೆ ಎಲ್ಲಿಲ್ಲದ ಹೆಮ್ಮೆಯಾಯಿತು.

ಹೊರಗಿನಿಂದ ಬಂದು ಈ ತಪ್ಪುಗಳನ್ನು ಹೆಚ್ಚಿಸುವ ವಸ್ತುಗಳುಂಟು. ಲಂಡನ್ನಿನ ಹೊಗೆಗೂಡುಗಳೊಳಗೆ ಇಳಿದು ಮಸಿ ಗುಡಿಸುತ್ತಿದ್ದ ಬಡಹುಡುಗರಿಗೆ ಮುಂದೆ ವೃಷಣದ ಚರ್ಮದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1775ರಲ್ಲೇ ಗುರುತಿಸಿದ್ದ. 1915ರಲ್ಲಿ ಜಪಾನಿನ ಯಾಮಾಗಿವ, ಇಚಿಕಾವ ಎಂಬಿಬ್ಬರು ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಬಳಿದು, ಪ್ರಯೋಗಶಾಲೆಯಲ್ಲೇ ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. ಅಷ್ಟು ದೂರ ಏಕೆ ಹೋಗಬೇಕು? ನಮ್ಮ ತಾತ ಎಲೆ ಅಡಕೆಯೊಂದಿಗೆ ಹೊಗೆಸೊಪ್ಪಿನ ಉಂಡೆಯನ್ನು ಎಡಗೆನ್ನೆಯಲ್ಲಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದರು. ಎಪ್ಪತ್ತನೆಯ ವಯಸ್ಸಿನಲ್ಲಿ ಹುಣ್ಣಾದದ್ದೂ ಅದೇ ಎಡಗೆನ್ನೆಯಲ್ಲಿ. ಹೊಗೆಸೊಪ್ಪಿಲ್ಲದ ಬರಿಯ ಅಡಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು. ಅಡಕೆಯಿಂದಲೇ ಅನ್ನ ಕಂಡ ಮನೆಗಳ ನಂಟು ನಮಗೂ ಉಂಟು. ಆದರೂ ಹೇಳದೆ ವಿಧಿಯಿಲ್ಲ.

ಅಕ್ಕ ಎಲೆ ಅಡಕೆ ಹಾಕುತ್ತಿದ್ದುದು ಮದುವೆ ಮುಂಜಿಗಳಲ್ಲಿ ಮಾತ್ರ. ಅವಳ ರೋಗಕ್ಕೆ ಹೊರಗಿನ ಕಾರಣ ಯಾವುದೂ ಸಿಕ್ಕಲಿಲ್ಲ. ಆದರೆ ವೈದ್ಯರು ಹೇಳಿದ ಒಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಅವಳಲ್ಲಿ ದಾರಿ ತಪ್ಪಿದ್ದು ‘ಬಿ’ ಜಾತಿಯ ಬಿಳಿಯ ಕಣಗಳು. ಹೊಸ ಹೊಸ ರೋಗಾಣುಗಳಿಗೆ ತಕ್ಕ ಪ್ರತಿಕಾಯಗಳನ್ನು ತಯಾರಿಸುವುದಕ್ಕಾಗಿ ಈ ಕಣಗಳು ತಮ್ಮ ಜೀನುಗಳನ್ನು ತಾವೇ ಕತ್ತರಿಸಿ ಜೋಡಿಸಿಕೊಳ್ಳುತ್ತವೆ, ಬೇಕೆಂದೇ ಅಕ್ಷರಗಳನ್ನು ಬದಲಿಸಿಕೊಳ್ಳುತ್ತವೆ. ಅಕ್ಕನಿಗೆ ಅರವತ್ತೆರಡು ವರ್ಷ ಬಂದ ಶೀತ, ಜ್ವರ, ಸಿಡುಬುಗಳನ್ನೆಲ್ಲ ಓಡಿಸಿದ ಕುಶಲಕರ್ಮಿಗಳು ಅವು. ಹಾಗೆ ಕತ್ತರಿ ಆಡಿಸುವಾಗ ಎಲ್ಲಿಯೋ ಒಮ್ಮೆ ಕೈ ಜಾರಿತು. ಅವಳನ್ನು ಕಾಯುವ ಕೆಲಸದಲ್ಲೇ ಆದ ತಪ್ಪು ಇದು. ಅವಳು ಮಾಡಿದ ತಪ್ಪಲ್ಲ. ಇದನ್ನು ನಾನು ಹೇಳಿದಾಗ ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಸೊಸೆಗೆ ಈ ಮಾತನ್ನು ನೀನೇ ಹೇಳು. ನಾನು ಹೇಳಿದರೆ ಸಮಾಧಾನಕ್ಕೆ ಅಂದೆ ಎಂದುಕೊಳ್ಳುತ್ತಾಳೆ” ಎಂದಳು.

ಚಿಕಿತ್ಸೆ ಮೇ ತಿಂಗಳ ಕೊನೆಗೆ ಮೊದಲಾಯಿತು. ಇಪ್ಪತ್ತೊಂದು ದಿನಗಳಿಗೊಂದು ಸುತ್ತಿನಂತೆ ಆರು ಸುತ್ತು. ನೂರು ಜನರಲ್ಲಿ ಸುಮಾರು ಅರವತ್ತು ಜನಕ್ಕೆ ಪೂರ್ತಿ ವಾಸಿಯಾಗುತ್ತದೆಂದು ವೈದ್ಯರು ಹೇಳಿದರು. ನಮ್ಮ ಪರೀಕ್ಷೆಗಳಲ್ಲಿ ಅರವತ್ತಕ್ಕೆ ಪ್ರಥಮ ದರ್ಜೆ. ಆದರೆ ಅಂದು ನನ್ನ ಮನಸ್ಸೆಲ್ಲ ಉಳಿದ ನಲವತ್ತರ ಮೇಲಿತ್ತು.

ಔಷಧಗಳು ಐದು. ಅವುಗಳಲ್ಲಿ ಒಂದೊಂದರ ಕಥೆಯೂ ಒಂದೊಂದು ಧಾರಾವಾಹಿಗಾದೀತು. ಸೈಕ್ಲೋಫಾಸ್ಫಮೈಡ್ ಎಂಬುದರ ವಂಶ ಯುದ್ಧಭೂಮಿಯದು. 1917ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನರು ಸೈನಿಕರ ಮೇಲೆ ಬಿಟ್ಟ ಸಾಸಿವೆ ಅನಿಲ ಕಣ್ಣು, ಚರ್ಮ, ಪುಪ್ಪುಸಗಳನ್ನು ಸುಟ್ಟಿತು. ಸತ್ತವರ ಮಜ್ಜೆಯನ್ನು ನೋಡಿದರೆ ಅಲ್ಲಿ ರಕ್ತಕಣಗಳ ತವರೇ ಬರಿದಾಗಿತ್ತು. ಬಿಳಿಯ ಕಣಗಳನ್ನು ಇದು ಇಷ್ಟು ಕೊಲ್ಲುವುದಾದರೆ, ಬಿಳಿಯ ಕಣಗಳೇ ಮಿತಿಮೀರಿದ ರೋಗದಲ್ಲಿ ಏಕೆ ಪ್ರಯೋಗಿಸಬಾರದು? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್, ಗಿಲ್‌ಮನ್ ಎಂಬವರು 1942ರಲ್ಲಿ ಆ ಅನಿಲದ ಹತ್ತಿರದ ನಂಟನಾದ ನೈಟ್ರೊಜನ್ ಮಸ್ಟರ್ಡನ್ನು ಲಿಂಫೋಮಾ ರೋಗಿಯೊಬ್ಬನ ನರಕ್ಕೆ ಹತ್ತಿಸಿದರು. ಗಂಟುಗಳು ಕೆಲವೇ ದಿನಗಳಲ್ಲಿ ಮೆತ್ತಗಾಗಿ ಕರಗಿದವು. ಸ್ವಲ್ಪ ಕಾಲದಲ್ಲೇ ಮರಳಿ ಬಂದವು, ರೋಗಿ ಉಳಿಯಲಿಲ್ಲ. ಯುದ್ಧಕಾಲದ ಗುಟ್ಟಾದ್ದರಿಂದ 1946ರವರೆಗೆ ಈ ಸಂಗತಿ ಹೊರಗೆ ಬರಲಿಲ್ಲ. ಅಕ್ಕನ ಕೈಗೆ ಹನಿಹನಿಯಾಗಿ ಇಳಿಯುತ್ತಿದ್ದುದು ಅದೇ ವಂಶದ, ಪಳಗಿದ ಮೊಮ್ಮಗ. ಡಿಎನ್‌ಎಯ ಎಳೆಗಳನ್ನು ಒಂದಕ್ಕೊಂದು ಅಂಟಿಸಿ, ಕೋಶ ಎರಡಾಗದಂತೆ ಮಾಡುವುದು ಇದರ ಕೆಲಸ.

ಡಾಕ್ಸೊರುಬಿಸಿನ್ ಎಂಬುದು ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1960ರ ದಶಕದಲ್ಲಿ ದೊರೆತದ್ದು. ಬಣ್ಣ ಕುಂಕುಮದ ನೀರಿನಂತೆ. ಮರುದಿನ ಮೂತ್ರವೂ ಕೆಂಪಾಗುವುದೆಂದು ಮೊದಲೇ ತಿಳಿಸಿದ್ದರಿಂದ ನಾವು ಗಾಬರಿಯಾಗಲಿಲ್ಲ. ಹೃದಯಕ್ಕೆ ಇದರಿಂದ ಅಪಾಯವುಂಟೆಂದು ಮುಂಚಿತವಾಗಿ ಹೃದಯದ ಪರೀಕ್ಷೆಯೂ ಆಗಿತ್ತು. ಇಡೀ ಜನ್ಮಕ್ಕೆ ಇಷ್ಟೇ ಎಂದು ಈ ಔಷಧಕ್ಕೊಂದು ಮೇರೆಯಿದೆ. ಪ್ರೆಡ್ನಿಸೊಲೋನ್ ಮಾತ್ರೆ ಐದು ದಿನ. ಅದು ರೋಗದ ಕಣಗಳನ್ನು ಕೊಲ್ಲುವುದಲ್ಲದೆ ರೋಗಿಯ ನಿದ್ದೆಯನ್ನೂ ಕೊಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಅಡಿಗೆಮನೆಯಲ್ಲಿ ಸದ್ದಾಯಿತೆಂದು ಎದ್ದು ನೋಡಿದರೆ ಅಕ್ಕ ನನ್ನ ಬೇಳೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದಳು. “ಇಪ್ಪತ್ತು ವರ್ಷದ ಜಿಡ್ಡು ಕಣೆ” ಎಂದಳು. ರಿಟುಕ್ಸಿಮಾಬ್ ಎಂಬುದು ‘ಬಿ’ ಕಣಗಳ ಮೈಮೇಲಿನ ಗುರುತನ್ನು ಹಿಡಿದು ಹೋಗಿ ಅಂಟುವ ಪ್ರತಿಕಾಯ. 2007ರಿಂದ ನಮ್ಮ ದೇಶದಲ್ಲೂ ತಯಾರಾಗುತ್ತಿದ್ದು ಬೆಲೆ ಇಳಿದಿತ್ತೆಂದರು. ಇಳಿದ ಬೆಲೆಗೇ ಅಕ್ಕನ ನಾಲ್ಕು ಬಳೆಗಳು ಹೋದವು.

ಇನ್ನುಳಿದದ್ದು ವಿನ್‌ಕ್ರಿಸ್ಟೀನ್. ನಮ್ಮ ಮನೆಯ ಕಾಂಪೌಂಡಿನ ಅಂಚಿನಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡಗಳಿವೆ. ಕಾಶಿಕಣಗಿಲೆ ಎಂದೂ ಕರೆಯುತ್ತಾರೆ. ಔಷಧ ಬರುವುದು ಆ ಗಿಡದಿಂದಲೇ ಎಂದು ತಿಳಿದಾಗ ಅಕ್ಕನಿಗಾದ ಸಂತೋಷ ಹೇಳತೀರದು. ದಿನವೂ ದೇವರಿಗೆ ಅದೇ ಹೂವನ್ನಲ್ಲವೆ ಅವಳು ಬಿಡಿಸುತ್ತಿದ್ದುದು! ಜಮೈಕಾ ದ್ವೀಪದಲ್ಲಿ ಇದರ ಎಲೆಯ ಕಷಾಯವನ್ನು ಸಿಹಿಮೂತ್ರಕ್ಕೆ ಕುಡಿಯುತ್ತಾರೆಂದು ಕೇಳಿ, ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ 1950ರ ದಶಕದಲ್ಲಿ ಅದನ್ನು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿಯ ಕಣಗಳು ಇಳಿದವು. ಆ ಎಳೆ ಹಿಡಿದು ವಿನ್‌ಬ್ಲಾಸ್ಟೀನ್ ದೊರೆಯಿತು, ಅದರ ಹಿಂದೆಯೇ ಅಮೆರಿಕದ ಔಷಧ ಕಂಪನಿಯೊಂದರಲ್ಲಿ ವಿನ್‌ಕ್ರಿಸ್ಟೀನ್. ನೂರಾರು ಕಿಲೋ ಒಣ ಎಲೆಯಿಂದ ಒಂದು ಗ್ರಾಂ ಸಿಕ್ಕಿದರೆ ಹೆಚ್ಚು. ಒಂದು ಸಲಕ್ಕೆ ಕೊಡುವುದು ಎರಡು ಮಿಲಿಗ್ರಾಂ ಮಾತ್ರ, ಅದೂ ನರದೊಳಕ್ಕೆ. ಈ ಸುದ್ದಿ ಕೇಳಿ ಪಕ್ಕದ ಮನೆಯವರು ಒಂದು ಮುಷ್ಟಿ ಎಲೆ ಕಿತ್ತು ತಂದು “ಕುದಿಸಿ ಕುಡಿಸಿ” ಎಂದಾಗ ವೈದ್ಯರನ್ನು ಕೇಳಿದೆ. ಸದಾ ನಗುತ್ತಿದ್ದ ಆ ಹೆಣ್ಣುಮಗಳು ಮುಖ ಗಂಟಿಕ್ಕಿದ್ದು ಅದೊಂದೇ ಸಲ. “ಎಲೆಯಲ್ಲಿ ಎಷ್ಟು ವಿಷವಿದೆಯೋ ಅಳೆದವರಾರು ಟೀಚರ್? ಅಳತೆ ಇಲ್ಲದಿದ್ದರೆ ಅದು ಔಷಧವೇ ಅಲ್ಲ” ಎಂದರು.

ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚಲು ಒಳಗೆ ಒಂದು ಕದಿರು ಏರ್ಪಡುತ್ತದೆ. ವಿನ್‌ಕ್ರಿಸ್ಟೀನ್ ಆ ಕದಿರನ್ನು ಕಟ್ಟಗೊಡುವುದಿಲ್ಲ. ಹೀಗೆ ಈ ವಿಷಗಳಲ್ಲಿ ಬಹುಪಾಲಿಗೆ ಕಣ್ಣು ಇರುವುದು ಇಬ್ಭಾಗವಾಗುವ ಕೋಶದ ಮೇಲೆ. ಆದರೆ ಅವಕ್ಕೆ ಕಳ್ಳನಾರು, ಸಾಚಾ ಯಾರು ಎಂಬ ಭೇದ ತಿಳಿಯದು. ಕೂದಲ ಬೇರು, ಬಾಯಿ ಮತ್ತು ಕರುಳುಗಳ ಒಳಪದರ, ಮೂಳೆಯ ಮಜ್ಜೆ, ಇವೂ ಬಿಡುವಿಲ್ಲದೆ ಇಬ್ಭಾಗವಾಗುವಂಥವೇ. ಅವೂ ಏಟು ತಿನ್ನುತ್ತವೆ.

ಹದಿನೆಂಟನೆಯ ದಿನ ಅಕ್ಕನ ಜಡೆ ಬಾಚಣಿಗೆಯೊಂದಿಗೇ ಬಂದುಬಿಟ್ಟಿತು. ಗಂಟಿನ ಸುದ್ದಿಗೆ ಅಳದವಳು ಅಂದು ಅತ್ತಳು. ಕೆಂಪು ಸೀರೆ ಉಟ್ಟು, ತಲೆ ಬೋಳಿಸಿಕೊಂಡು ನಡುಮನೆಯ ಮೂಲೆಯಲ್ಲಿ ಬದುಕು ಸವೆಸಿದ ನಮ್ಮ ಅಜ್ಜಿಯನ್ನು ನಾವಿಬ್ಬರೂ ಕಂಡವರು. ಅಕ್ಕ ಬಾಯಿಬಿಟ್ಟು ಹೇಳಲಿಲ್ಲ; ನನಗೆ ತಿಳಿಯಿತು, ಭಾವನಿಗೂ ತಿಳಿಯಿತು. ಮರುದಿನ ಬೆಳಿಗ್ಗೆ ಅವರು ಎಲ್ಲಿಯೋ ಹೋಗಿ ತಮ್ಮ ತಲೆಯನ್ನೇ ನುಣ್ಣಗೆ ಬೋಳಿಸಿಕೊಂಡು ಬಂದರು. “ಇಬ್ಬರೂ ತಿರುಪತಿಗೆ ಹೋಗಿದ್ದೆವೆಂದು ಹೇಳೋಣ ಬಿಡು” ಎಂದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ಸುತ್ತಿನ ಹನ್ನೊಂದನೆಯ ದಿನ. ರಾತ್ರಿ ಎಂಟು ಗಂಟೆ, ಹೊರಗೆ ಧೋ ಎಂದು ಮಳೆ. ಅಕ್ಕನಿಗೆ ಚಳಿ ಹಿಡಿಯಿತು. ಥರ್ಮಾಮೀಟರು 101 ತೋರಿಸಿತು. “ನೆನೆದಿರಬೇಕು, ಮೆಣಸಿನ ಕಷಾಯ ಕೊಟ್ಟು ಬೆಳಿಗ್ಗೆ ನೋಡೋಣ” ಎಂದರು ಭಾವ. ಬೇರೆ ಸಮಯವಾಗಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ಆದರೆ 100.4 ದಾಟಿದರೆ ಹೊತ್ತುಗೊತ್ತು ನೋಡದೆ ಬರಬೇಕೆಂದು ಆಸ್ಪತ್ರೆಯ ಚೀಟಿಯಲ್ಲಿ ಕೆಂಪು ಮಸಿಯಲ್ಲಿ ಬರೆದಿತ್ತು. ಅರ್ಧ ತೊಯ್ದುಕೊಂಡೇ ಆಟೋದಲ್ಲಿ ಹೋದೆವು. ಸೋಂಕಿನೊಡನೆ ಕಾದಾಡುವ ನ್ಯೂಟ್ರೊಫಿಲ್ ಕಣಗಳು ರಕ್ತದ ಒಂದು ಮೈಕ್ರೊಲೀಟರಿನಲ್ಲಿ 1,500ಕ್ಕಿಂತ ಹೆಚ್ಚಿರಬೇಕು. ಅಕ್ಕನಲ್ಲಿ ಇದ್ದುದು 300. ಗಂಟೆಯೊಳಗೆ ನರಕ್ಕೆ ಔಷಧ ಹತ್ತಿಸಿದರು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಆ ನಾಲ್ಕು ದಿನ ಹಾಸಿಗೆಯ ಪಕ್ಕದಲ್ಲಿ ಕುಳಿತಾಗಲೇ ಇಪ್ಪತ್ತೊಂದು ದಿನಗಳ ಗುಟ್ಟು ನನಗೆ ತಿಳಿದದ್ದು. ಮಜ್ಜೆಯು ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೊಫಿಲ್‌ಗಳನ್ನು ಹುಟ್ಟಿಸುತ್ತದೆಯಂತೆ. ವಿಷ ಬಿದ್ದ ಹತ್ತು ಹದಿನಾಲ್ಕನೆಯ ದಿನಕ್ಕೆ ಅದರ ಉಗ್ರಾಣ ತಳ ಕಾಣುತ್ತದೆ. ಆಮೇಲೆ ಚೇತರಿಸಿಕೊಂಡು ಮೂರನೆಯ ವಾರಕ್ಕೆ ಮತ್ತೆ ತುಂಬುತ್ತದೆ. ರೋಗದ ಕೋಶಗಳಿಗೆ ಅಷ್ಟು ಬೇಗ ಚೇತರಿಸಿಕೊಳ್ಳಲಾಗದು. ಅವು ಪೂರ್ತಿ ಏಳುವ ಮುನ್ನ, ಮಜ್ಜೆ ಎದ್ದುನಿಂತ ಕೂಡಲೆ, ಮುಂದಿನ ಏಟು. ಮುಂಚೆ ಕೊಟ್ಟರೆ ರೋಗಿ ತಾಳಲಾರಳು, ತಡಮಾಡಿದರೆ ರೋಗ ಬೆಳೆಯುತ್ತದೆ.

ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ ಗಂಟು ಮಾಯವಾಗಿತ್ತು. ಯುಗಾದಿಯಂದು ಎಣ್ಣೆ ಒತ್ತಿದ ಬೆರಳಿನಿಂದಲೇ ಹುಡುಕಿದೆ, ಏನೂ ಇಲ್ಲ. ಮನೆಯಲ್ಲಿ ಹಬ್ಬದ ಸಡಗರ. ಆದರೆ ನಮಗೆ ಬಂದ ನಿಜವಾದ ಗಂಡಾಂತರ ಇದೇ. ಬಾಯಿಯ ಹುಣ್ಣಿನಿಂದ ಅನ್ನ ಸಾರೂ ಇಳಿಯದೆ, ಎಂಟು ಕಿಲೋ ಇಳಿದುಹೋಗಿದ್ದ ಅಕ್ಕ ಒಂದು ಸಂಜೆ ಸ್ಪಷ್ಟವಾಗಿ ಹೇಳಿಬಿಟ್ಟಳು: “ಶ್ರಾವಣ ಬಂತು. ವರಮಹಾಲಕ್ಷ್ಮಿಗೆ ನನ್ನ ಮನೆಯಲ್ಲಿರಬೇಕು. ಗಂಟು ಹೋಯಿತಲ್ಲ, ಇನ್ನು ಯಾರಿಗೆ ಈ ವಿಷ? ಸಾಕು.” ಭಾವನೂ ಅವಳ ಕಡೆಗೆ ವಾಲಿದರು. ಅವಳ ಕೈಕಾಲು ನೋಡಿದರೆ ನನಗೂ ಸಾಕೆನ್ನಿಸುತ್ತಿತ್ತು.

ಅಂದು ರಾತ್ರಿ ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದ್ದನ್ನು ಕಾಗದದ ಮೇಲೆ ಲೆಕ್ಕ ಮಾಡಿದೆ. ಬೆಳಿಗ್ಗೆ ಅಕ್ಕನ ಮುಂದೆ ಕುಳಿತು, ಹಿಂದೆ ಹತ್ತನೆಯ ತರಗತಿಗೆ ಪಾಠ ಹೇಳಿದಂತೆಯೇ ಹೇಳಿದೆ.

ನಮ್ಮ ಪೂರ್ವಿಕರು ಗಡ್ಡೆಗೆ ಅರ್ಬುದವೆಂದರು. ಆರ್ಯಭಟನ ಸ್ಥಾನಪಟ್ಟಿಯಲ್ಲಿ ಕೋಟಿಯ ಮುಂದಿನ ಸಂಖ್ಯೆಗೂ ಅದೇ ಹೆಸರು, ಅರ್ಬುದವೆಂದರೆ ಹತ್ತು ಕೋಟಿ. ಒಂದು ಸೆಂಟಿಮೀಟರಿನ ಗಂಟಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ, ಎಂದರೆ ಹತ್ತು ಅರ್ಬುದ. ಒಂದೇ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸಲ ಇಮ್ಮಡಿಸಿದರೆ ಈ ಸಂಖ್ಯೆ ಬರುತ್ತದೆ. ಬೆರಳಿಗೆ ಸಿಕ್ಕುವ ಮೊದಲು ಅಷ್ಟು ಕಾಲ ಅದು ಕಾಣದೆಯೇ ಇತ್ತು. ಇನ್ನು ಔಷಧದ ಲೆಕ್ಕ. ಅದು ಕೊಲ್ಲುವುದು ಇಷ್ಟು ಸಂಖ್ಯೆಯನ್ನೆಂದಲ್ಲ. ಇದ್ದುದರಲ್ಲಿ ಇಷ್ಟು ಪಾಲನ್ನು. ಅಮೆರಿಕದ ಅಲಬಾಮಾದಲ್ಲಿ ಹೊವಾರ್ಡ್ ಸ್ಕಿಪ್ಪರ್ ಎಂಬಾತ ರಕ್ತಕ್ಯಾನ್ಸರಿನ ಇಲಿಗಳಲ್ಲಿ 1960ರ ದಶಕದಲ್ಲಿ ಕಂಡುಕೊಂಡ ಸಂಗತಿ ಇದು.

“ನೂರಕ್ಕೆ ತೊಂಬತ್ತೊಂಬತ್ತು ಸಾಯುತ್ತವೆಂದು ಇಟ್ಟುಕೊ ಅಕ್ಕ. ಮುಂದಿನ ಸುತ್ತಿನೊಳಗೆ ಉಳಿದದ್ದು ಒಮ್ಮೆ ಇಮ್ಮಡಿಯಾಗುತ್ತದೆಂದೂ ಇಟ್ಟುಕೊ. 100 ಕೋಟಿ ಮೊದಲ ಏಟಿಗೆ 1 ಕೋಟಿ. ಬೆಳೆದು 2 ಕೋಟಿ. ಎರಡನೆಯದಕ್ಕೆ 2 ಲಕ್ಷ. ಬೆಳೆದು 4 ಲಕ್ಷ. ಮೂರನೆಯದಕ್ಕೆ 4,000, ಬೆಳೆದು 8,000. ನೀನೀಗ ಇಲ್ಲಿದ್ದೀಯೆ.”

“ಎಂಟು ಸಾವಿರವೇ?” ಎಂದಳು ಕತ್ತು ಮುಟ್ಟಿಕೊಂಡು.

“ಕಣ್ಣಿಗೂ ಕಾಣದು, ಯಂತ್ರಕ್ಕೂ ಕಾಣದು. ನಾಲ್ಕನೆಯದಕ್ಕೆ 80, ಬೆಳೆದು 160. ಐದನೆಯದಕ್ಕೆ ಒಂದೋ ಎರಡೋ. ಅದನ್ನೂ ಮುಗಿಸಲು ಆರನೆಯದು. ಈಗ ನಿಲ್ಲಿಸಿದರೆ 8,000 ಹದಿನೇಳು ಸಲ ಇಮ್ಮಡಿಸಿ ಮತ್ತೆ 100 ಕೋಟಿ. ಇಪ್ಪತ್ತೊಂದು ದಿನಕ್ಕೊಮ್ಮೆ ಅಂದರೆ 357 ದಿನ. ಮುಂದಿನ ವರಮಹಾಲಕ್ಷ್ಮಿಯ ಹೊತ್ತಿಗೆ ಗಂಟು ಇದ್ದಲ್ಲೇ ಇರುತ್ತದೆ.”

ಮೈಯೆಂಬುದು ಇಷ್ಟು ಶಿಸ್ತಿನ ಖಾತೆಪುಸ್ತಕವಲ್ಲವೆಂದು ನನಗೆ ಗೊತ್ತಿತ್ತು. ಗಂಟುಗಳು ಒಂದಕ್ಕಿಂತ ಹೆಚ್ಚಿದ್ದವು. ಏಟಿಗೆ ಬಗ್ಗದ ಕೋಶಗಳೂ ನಡುವೆ ಅಡಗಿರುತ್ತವೆ. ಒಂದು ಔಷಧಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗಲೆಂದೇ ನಾಲ್ಕೈದನ್ನು ಕೂಡಿಸಿ ಕೊಡುವುದು. ಯೇಲಿನ ಆ ರೋಗಿಗೆ ಸಿಕ್ಕಿದ್ದು ಒಂದೇ ಔಷಧ. ಅಂಕಿಗಳು ನಾನು ಹಾಕಿಕೊಂಡವು, ಕ್ರಮ ಮಾತ್ರ ನಿಜ. ಇದನ್ನೂ ಅಕ್ಕನಿಗೆ ಹೇಳಿದೆ. ಅವಳು ಕಾಗದವನ್ನು ಎಳೆದುಕೊಂಡು, ಎಂಟು ಸಾವಿರದಿಂದ ಮೇಲಕ್ಕೆ ಇಮ್ಮಡಿಸುತ್ತ ತಾನೇ ಹದಿನೇಳು ಸಾಲು ಬರೆದಳು. ಹದಿನೇಳನೆಯ ಸಾಲು ಬರೆದು ಪೆನ್ನು ಕೆಳಗಿಟ್ಟು, “ತುಮಕೂರಿಗೆ ಫೋನು ಮಾಡಿ ಕಳಶವನ್ನು ಸೊಸೆಯೇ ಇಡಲಿ ಎಂದು ಹೇಳಿ” ಎಂದು ಭಾವನಿಗೆ ಹೇಳಿದಳು.

ನಾಲ್ಕನೆಯ ಸುತ್ತಿನಲ್ಲಿ ನಮ್ಮ ಪಕ್ಕದ ಹಾಸಿಗೆಗೆ ಆರು ವರ್ಷದ ಹುಡುಗನೊಬ್ಬ ಬರುತ್ತಿದ್ದ, ರಕ್ತದ ಕ್ಯಾನ್ಸರು. ಅವನಿಗೂ ನಿತ್ಯಪುಷ್ಪದ ಔಷಧವೇ, ಜೊತೆಗೆ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ. ಭೀಮಾವರದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪ್ರಯೋಗಶಾಲೆಯಿಂದ ಬಂದ ಔಷಧ ಅದು. ಅದರ ಹಿರಿಯಣ್ಣನಾದ ಅಮಿನಾಪ್ಟೆರಿನ್‌ನಿಂದ ಬೋಸ್ಟನ್ನಿನ ಸಿಡ್ನಿ ಫಾರ್ಬರ್ 1947ರಲ್ಲಿ ಮೊದಲ ಬಾರಿಗೆ ಮಕ್ಕಳ ರಕ್ತಕ್ಯಾನ್ಸರನ್ನು ಸ್ವಲ್ಪ ಕಾಲವಾದರೂ ಹಿಂದಕ್ಕೆ ಸರಿಸಿದ್ದ. ಹುಡುಗ ಅಕ್ಕನ ತಲೆ ನೋಡಿ ನಗುವನು, ಅಕ್ಕ ಅವನ ತಲೆ ನೋಡಿ ನಗುವಳು.

ಆರನೆಯ ಸುತ್ತು ಸೆಪ್ಟೆಂಬರಿನಲ್ಲಿ ಮುಗಿಯಿತು. ನವರಾತ್ರಿಗೆ ಅಕ್ಕ ತುಮಕೂರಿನಲ್ಲಿದ್ದಳು. ಅವಳಿಗೀಗ ಎಪ್ಪತ್ತೈದು ದಾಟಿದೆ, ಗಂಟು ಮರಳಲಿಲ್ಲ. ಆದರೆ ನಿತ್ಯಪುಷ್ಪ ತನ್ನ ಸುಂಕ ತೆಗೆದುಕೊಳ್ಳದೆ ಬಿಡಲಿಲ್ಲ. ಕೋಶದ ಕದಿರು ಯಾವ ಸೂಕ್ಷ್ಮನಾಳಗಳಿಂದ ಆಗುವುದೋ ಅಂಥವೇ ನರಗಳ ಉದ್ದಕ್ಕೂ ಹಾಸಿರುತ್ತವೆಯಂತೆ. ಆದ್ದರಿಂದ ಈ ಔಷಧ ಬೆರಳ ತುದಿಗಳನ್ನು ಮರಗಟ್ಟಿಸುತ್ತದೆ. ಕಣ್ಣುಮುಚ್ಚಿ ಮೊಳಗಟ್ಟಲೆ ಮಲ್ಲಿಗೆ ಕಟ್ಟುತ್ತಿದ್ದ ಅಕ್ಕನಿಗೆ ನಾರು ಬೆರಳಿಗೆ ಸಿಕ್ಕದಾಯಿತು. ರವಿಕೆಯ ಗುಂಡಿ ಹಾಕಿಕೊಳ್ಳಲೂ ಸೊಸೆಯನ್ನೇ ಕರೆಯಬೇಕಾಗಿತ್ತು.

ಮುಂದಿನ ವರ್ಷ ಶ್ರಾವಣದಲ್ಲಿ, ನನ್ನ ಲೆಕ್ಕದ 357 ದಿನಗಳು ಕಳೆದ ಮೇಲೆ, ಅಕ್ಕನ ಮನೆಗೆ ಹೋದೆ. ಅವಳಿಗೆ ತಿಳಿಯದಂತೆ ಕತ್ತು ಮುಟ್ಟಿ ನೋಡಬೇಕೆಂದಿದ್ದೆ. ಅವಳೇ ಎಣ್ಣೆಯ ಬಟ್ಟಲು ತಂದು ಮುಂದೆ ಕುಳಿತು, “ಒತ್ತೆ, ನಿನಗೂ ಸಮಾಧಾನವಾಗಲಿ” ಎಂದಳು. ಹೊಸ ಕೂದಲು ಎರಡಂಗುಲ ಬೆಳೆದಿತ್ತು, ಎಂದೂ ಇಲ್ಲದ ಗುಂಗುರು. ಎಡಕಿವಿಯ ಕೆಳಗೆ ಏನೂ ಇರಲಿಲ್ಲ. ಮಧ್ಯಾಹ್ನ ಮಲ್ಲಿಗೆಯ ಬುಟ್ಟಿ ಹಿಡಿದು ಕುಳಿತವಳು ಎರಡು ಗಂಟೆ ಹೆಣಗಾಡಿ ಒಂದು ಮೊಳ ಕಟ್ಟಿದಳು. ಗಂಟುಗಳೆಲ್ಲ ಸಡಿಲ. ದೇವರ ಪಟಕ್ಕೆ ಮುಡಿಸುವಷ್ಟರಲ್ಲಿ ಆರೇಳು ಹೂ ಉದುರಿದವು. ಸೊಸೆ ಅವನ್ನು ಆರಿಸಿ ತನ್ನ ಜಡೆಗೆ ಸಿಕ್ಕಿಸಿಕೊಂಡಳು.